ಓದುಗರ ಪ್ರಶ್ನೆ: ಕೊಂಬಿಲ್ಲವೆಂದ ಮಾತ್ರಕ್ಕೆ ಅದು ಮಲೆನಾಡಿನ ಮಂಗಟ್ಟೆಯೇ?

ಪ್ರಶ್ನೆ: ಮಾನ್ಯರೇ, ಕಳೆದ ಜನವರಿಯಲ್ಲಿ ನಾವು ಕುಟುಂಬ ಸಮೇತ ದಾಂಡೇಲಿಗೆ ಹೋಗಿದ್ದಾಗ ಅಲ್ಲಿನ ಮಾರ್ಗದರ್ಶಿಯೊಬ್ಬರು ಬೂದು ಬಣ್ಣದ ಮಂಗಟ್ಟೆಯೊಂದನ್ನು ತೋರಿಸಿ, ‘ಇದಕ್ಕೆ ಕೊಕ್ಕಿನ ಮೇಲೆ ಕೊಂಬಿಲ್ಲ, ಆದ್ದರಿಂದ ಇದು ಮಲಬಾರ್ ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ’ ಎಂದು ಹೇಳಿದ್ದರು. ಈ ವರ್ಷ ಕಾರಹುಣ್ಣಿಮೆ ಕಳೆದು ಎರಡು ವಾರಕ್ಕೆ ಚಿಂಚೋಳಿಯ ಕಾಡಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ದಾರಿಯ ಬಸರಿ ಮರದ ಮೇಲೆ, ಮೂರು ಮಂಗಟ್ಟೆಗಳನ್ನು ಕಂಡೆ. ಎರಡಕ್ಕೆ ಕೊಂಬಿತ್ತು, ಮೂರನೆಯದಕ್ಕೆ ಕೊಂಬೇ ಇರಲಿಲ್ಲ, ಕೊಕ್ಕು ಮಾಸಲು ಹಳದಿಯಾಗಿತ್ತು, ಬಾಲವೂ ಗಿಡ್ಡವಾಗಿತ್ತು. ಕೊಂಬಿದ್ದ ಹಕ್ಕಿಯೊಂದು ಅದಕ್ಕೆ ಹಣ್ಣು ಕೊಟ್ಟಿದ್ದನ್ನೂ ನೋಡಿದೆ. ಮಲಬಾರ್ ಮಂಗಟ್ಟೆ ನಮ್ಮ ಜಿಲ್ಲೆಗೂ ಬಂದಿದೆಯೇ? ಫೋಟೊ ಕಳುಹಿಸಿದ್ದೇನೆ. ಎರಡನ್ನೂ ತಪ್ಪಿಲ್ಲದೆ ಗುರುತಿಸುವುದು ಹೇಗೆ?
— ಓದುಗರೊಬ್ಬರು, ಚಿಂಚೋಳಿ

ಉತ್ತರ: ಫೋಟೊ ಸ್ವಲ್ಪ ಮಸುಕಾಗಿದ್ದರೂ ತಮ್ಮ ಪತ್ರ ಸ್ಪಷ್ಟವಾಗಿದೆ, ಮತ್ತು ಉತ್ತರ ಆ ಪತ್ರದಲ್ಲಿಯೇ ಇದೆ. ತಾವು ಕಂಡದ್ದು ನಮ್ಮ ಬಯಲುಸೀಮೆಯ ಬೂದು ಮಂಗಟ್ಟೆಯ ಒಂದು ಸಂಸಾರ: ತಾಯಿ, ತಂದೆ ಮತ್ತು ಗೂಡು ಬಿಟ್ಟು ಹೆಚ್ಚು ದಿನಗಳಾಗದ ಒಂದು ಮರಿ. ಬೂದು ಮಂಗಟ್ಟೆಯ ಮರಿಗೆ ಹುಟ್ಟುವಾಗ ಕೊಂಬಿರುವುದಿಲ್ಲ. ಗೂಡಿನಿಂದ ಹೊರಬಂದ ಮೇಲೂ ಕೆಲಕಾಲ ಅದರ ಕೊಕ್ಕು ಬೋಳಾಗಿಯೇ ಇದ್ದು, ದೊಡ್ಡ ಹಕ್ಕಿಯ ಕೊಕ್ಕಿನ ಕಪ್ಪು ಇನ್ನೂ ಏರದೆ ಮಾಸಲು ಹಳದಿಯಾಗಿ ಕಾಣುತ್ತದೆ, ಮತ್ತು ಕಣ್ಣಿನ ಸುತ್ತಲಿನ ಬರಿಯ ಚರ್ಮ ಮಂಕಾದ ಕಿತ್ತಳೆಯಾಗಿರುತ್ತದೆ. ಈ ಹಕ್ಕಿ ಯುಗಾದಿಯ ಆಸುಪಾಸಿನಲ್ಲಿ ಪೊಟರೆ ಹುಡುಕಿ, ಏಪ್ರಿಲ್‌ನಿಂದ ಜೂನ್‌ವರೆಗೆ ಸಂಸಾರ ಹೂಡುವುದರಿಂದ, ಕಾರಹುಣ್ಣಿಮೆಯ ನಂತರದ ವಾರಗಳು ಇಂತಹ ಕೊಂಬಿಲ್ಲದ ಮರಿಗಳು ಕೊಂಬೆಯ ಮೇಲೆ ಕಾಣಿಸಿಕೊಳ್ಳುವ ಕಾಲ.

ತಮ್ಮ ಮಾರ್ಗದರ್ಶಿ ಹೇಳಿದ್ದು ಸುಳ್ಳಲ್ಲ. ಮಲಬಾರ್ ಬೂದು ಮಂಗಟ್ಟೆಗೆ ಕೊಂಬಿಲ್ಲ, ಅದು ಪಶ್ಚಿಮ ಘಟ್ಟಕ್ಕೆ ಸೀಮಿತ, ಎರಡೂ ನಿಜ. ಆದರೆ ‘ಮಲಬಾರಿನದಕ್ಕೆ ಕೊಂಬಿಲ್ಲ’ ಎಂಬ ಮಾತನ್ನು ತಿರುಗಿಸಿ ‘ಕೊಂಬಿಲ್ಲದ್ದೆಲ್ಲ ಮಲಬಾರಿನದು’ ಎಂದುಕೊಂಡಾಗ ತಪ್ಪು ನುಸುಳುತ್ತದೆ. ಪಕ್ಷಿ ಪುಸ್ತಕಗಳು ಶಿರಸ್ತ್ರಾಣ ಎಂದು ಕರೆಯುವ ಈ ಕೊಂಬು ವಯಸ್ಸಿನ ಜೊತೆಗೆ ಬೆಳೆಯುವ ಅಂಗ. ಗಂಡಿನಲ್ಲಿ ದೊಡ್ಡದು, ಹೆಣ್ಣಿನಲ್ಲಿ ಚಿಕ್ಕದು, ಮರಿಯಲ್ಲಿ ಇಲ್ಲವೇ ಇಲ್ಲ. ಹಕ್ಕಿ ತಲೆಯನ್ನು ನಮ್ಮ ಕಡೆಗೆ ನೇರವಾಗಿ ತಿರುಗಿಸಿದರಂತೂ ಹೆಣ್ಣಿನ ಚಿಕ್ಕ ಕೊಂಬು ಕೊಕ್ಕಿನೊಳಗೇ ಕರಗಿಹೋದಂತೆ ಕಾಣುತ್ತದೆ. ಹಾಗಾಗಿ ಕೊಂಬು ಕಂಡರೆ ಅದು ಬಲವಾದ ಸಾಕ್ಷಿ, ಕಾಣದಿದ್ದರೆ ಬಹಳ ದುರ್ಬಲವಾದ ಸಾಕ್ಷಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಿದ್ದರೆ ಏನನ್ನು ನೋಡಬೇಕು? ನಾನು ಮೊದಲು ಮುಖವನ್ನು ನೋಡುತ್ತೇನೆ. ಮಲಬಾರ್ ಬೂದು ಮಂಗಟ್ಟೆಯ ಕಣ್ಣಿನ ಮೇಲೆ ಅಗಲವಾದ, ಬೆಳ್ಳಗಿನ ಹುಬ್ಬಿನ ಪಟ್ಟಿಯೊಂದು ಇದ್ದು, ಅದು ಕತ್ತಿನ ಕಡೆಗೆ ಇಳಿಯುತ್ತದೆ. ತಲೆ, ಕತ್ತು ಮತ್ತು ಎದೆಯ ಮೇಲೆ ತೆಳುವಾದ ಬಿಳಿ ಗೀರುಗಳು ಎಳೆದಂತಿರುತ್ತವೆ. ದೂರದಿಂದ ನೋಡಿದರೆ ವಯಸ್ಸಾದ ಹಿರಿಯರ ನರೆತ ಹುಬ್ಬಿನಂತೆ ಅದು ಎದ್ದು ಕಾಣುತ್ತದೆ. ನಮ್ಮ ಬೂದು ಮಂಗಟ್ಟೆಗೂ ತಿಳಿಯಾದ ಹುಬ್ಬು ಇದೆ, ಇಲ್ಲವೆಂದಲ್ಲ. ಆದರೆ ಅದು ಬೂದಿಯಲ್ಲಿ ಬೂದಿ ಬೆರೆತಂತೆ ಮಂಕಾಗಿರುತ್ತದೆ, ಎದೆಯ ಮೇಲೆ ಅಂತಹ ಗೀರುಗಳಿರುವುದಿಲ್ಲ. ತಮ್ಮ ಫೋಟೊದ ಮೂರೂ ಹಕ್ಕಿಗಳ ಎದೆ ಒಂದೇ ಸಮನಾದ ಬೂದು ಬಣ್ಣದ್ದಾಗಿದೆ.

ಎರಡನೆಯದಾಗಿ ಬಾಲದ ಬುಡದ ಕೆಳಭಾಗ. ಹಕ್ಕಿ ತಲೆಯ ಮೇಲಿನ ಕೊಂಬೆಯಲ್ಲಿ ಕುಳಿತಾಗ ನಮಗೆ ಕಾಣುವುದೇ ಅದರ ಹೊಟ್ಟೆ ಮತ್ತು ಬಾಲದ ಅಡಿ. ಆದರೂ ಜನ ಕೊಕ್ಕನ್ನು ಹುಡುಕಿ ಕತ್ತು ನೋಯಿಸಿಕೊಳ್ಳುತ್ತಾರೆ. ಮಲಬಾರಿನ ಹಕ್ಕಿಯಲ್ಲಿ ಬಾಲದ ಬುಡದ ಅಡಿಯ ಗರಿಗಳು ದಾಲ್ಚಿನ್ನಿಯ ಕೆಂಗಂದು ಬಣ್ಣದವು. ಬಯಲುಸೀಮೆಯ ಹಕ್ಕಿಯಲ್ಲಿ ಆ ಭಾಗ ಹೊಟ್ಟೆಯಂತೆಯೇ ಮಾಸಲು ಬಿಳಿ. ನೆರಳು, ಬೆಳಕು ಏನೇ ಆಟವಾಡಿದರೂ ಈ ಕೆಂಗಂದು ಬಣ್ಣ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಬಾಲದ ಉದ್ದದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಪುಸ್ತಕದ ಪ್ರಕಾರ ಬೂದು ಮಂಗಟ್ಟೆ ಸುಮಾರು 60 ಸೆಂಟಿಮೀಟರ್ ಉದ್ದದ ಹಕ್ಕಿ, ಅದರಲ್ಲಿ ಬಾಲದ ಪಾಲು ದೊಡ್ಡದು. ಮಲಬಾರಿನದು ಸುಮಾರು 45 ಸೆಂಟಿಮೀಟರ್, ಬಾಲ ಗಿಡ್ಡ. ಬೂದು ಮಂಗಟ್ಟೆಯ ಬಾಲ ಮಧ್ಯದಲ್ಲಿ ಉದ್ದವಾಗಿ ಅಂಚಿಗೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕದಾಗುತ್ತದೆ. ತುದಿಯಲ್ಲಿ ಬಿಳಿ, ಅದಕ್ಕೆ ತಾಗಿ ಒಂದು ಕಪ್ಪು ಪಟ್ಟಿ. ಮಲಬಾರಿನದರಲ್ಲಿ ಅಂಚಿನ ಗರಿಗಳೇ ಕಪ್ಪಗಿದ್ದು ತುದಿ ಮಾತ್ರ ಬಿಳಿಯಾಗಿರುತ್ತದೆ, ಪಟ್ಟಿ ಹಾಕಿದಂತೆ ಕಾಣುವುದಿಲ್ಲ. ವರ್ಷದ ಉಳಿದ ತಿಂಗಳುಗಳಲ್ಲಿ ಇದು ಒಳ್ಳೆಯ ಗುರುತು. ಆದರೆ ಜೂನ್, ಜುಲೈಯಲ್ಲಿ ಇದನ್ನು ನಂಬಿದವರು ಕೆಡುತ್ತಾರೆ. ಮರಿಯ ಬಾಲ ಆಗಿನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅಷ್ಟೇ ಅಲ್ಲ, ತಾಯಿಯೂ ಗೂಡಿನೊಳಗೆ ಬಂದಿಯಾಗಿದ್ದ ಕಾಲದಲ್ಲಿಯೇ ರೆಕ್ಕೆ ಮತ್ತು ಬಾಲದ ಹಳೆಯ ಗರಿಗಳನ್ನು ಉದುರಿಸಿ ಹೊಸತನ್ನು ಬೆಳೆಸಿಕೊಳ್ಳುವುದರಿಂದ, ಹೊರಬಂದ ಹೊಸದರಲ್ಲಿ ಅದರ ಬಾಲವೂ ಮೊಂಡಾಗಿ ಕಾಣಬಹುದು. ತಾವು ನೋಡಿದ ‘ಗಿಡ್ಡ ಬಾಲ’ದ ಗುಟ್ಟು ಇದೇ.

ಕೊಕ್ಕಿನ ಬಣ್ಣದ ಬಗ್ಗೆಯೂ ಒಂದು ಮಾತು. ಬೆಳೆದ ಮಲಬಾರ್ ಗಂಡಿನ ಕೊಕ್ಕು ಕಿತ್ತಳೆಗೆಂಪು, ತುದಿ ಹಳದಿ. ಹೆಣ್ಣಿನದು ತಿಳಿ ಹಳದಿಯಾಗಿದ್ದು, ಕೆಳಕೊಕ್ಕಿನ ಬುಡದಲ್ಲಿ ಕಪ್ಪು ಮಚ್ಚೆ ಹಾಗೂ ಮೇಲ್ಕೊಕ್ಕಿನ ಏಣಿನ ಮೇಲೆ ಕಪ್ಪು ಗೆರೆ ಇರುತ್ತವೆ. ಬೆಳೆದ ಬೂದು ಮಂಗಟ್ಟೆಯ ಕೊಕ್ಕಿನಲ್ಲಿ ಕಪ್ಪೇ ಪ್ರಧಾನ, ತುದಿಯ ಕಡೆಗೆ ತಿಳಿ ಹಳದಿ. ಮಲಬಾರ್ ಹೆಣ್ಣನ್ನೂ ಬೂದು ಮಂಗಟ್ಟೆಯ ಮರಿಯನ್ನೂ ಅದಲುಬದಲು ಮಾಡುವ ಸಾಧ್ಯತೆ ಇಲ್ಲಿಯೇ ಹೆಚ್ಚು, ಏಕೆಂದರೆ ಎರಡಕ್ಕೂ ಹಳದಿ ಕೊಕ್ಕು, ಎರಡಕ್ಕೂ ಕೊಂಬಿಲ್ಲ. ಆ ಕಪ್ಪು ಮಚ್ಚೆಯನ್ನು ಮತ್ತು ಹುಬ್ಬನ್ನು ಒಟ್ಟಿಗೆ ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಹಣ್ಣು ಕೊಟ್ಟ ದೃಶ್ಯವನ್ನು ತಾವು ಪತ್ರದ ಕೊನೆಯಲ್ಲಿ, ಮುಖ್ಯವಲ್ಲವೆಂಬಂತೆ, ಸೇರಿಸಿದ್ದೀರಿ. ನನಗೆ ಅದೇ ಮುಖ್ಯವಾಗಿ ಕಂಡಿತು. ಕೊಂಬಿರುವ ಹಕ್ಕಿ ಕೊಂಬಿಲ್ಲದ ಹಕ್ಕಿಗೆ ಉಣಿಸುತ್ತಿದ್ದರೆ ಅವು ಒಂದೇ ಜಾತಿಯವು. ಗಂಡು ತನ್ನ ಹೆಣ್ಣಿಗೂ ಹಣ್ಣು ಕೊಡುವುದುಂಟು. ಆದರೆ ಹಾಗೆ ಪಡೆಯುವ ಬೂದು ಮಂಗಟ್ಟೆಯ ಹೆಣ್ಣಿಗೆ ಚಿಕ್ಕದಾದರೂ ಕೊಂಬು ಇದ್ದೇ ಇರುತ್ತದೆ.

ಇನ್ನು ಊರಿನ ಲೆಕ್ಕ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ, ಸುಮಾರು 134 ಚದರ ಕಿಲೊಮೀಟರ್ ವಿಸ್ತಾರದ ಪ್ರದೇಶ. ನಮ್ಮ ಬಿಸಿಲ ನಾಡಿಗೆ ಅದು ದೊಡ್ಡ ಹಸಿರೇ ಆದರೂ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಒಣ ಕಾಡು. ಮಲಬಾರ್ ಬೂದು ಮಂಗಟ್ಟೆ ಮಳೆ ಹೆಚ್ಚಿರುವ ಘಟ್ಟದ ನಿತ್ಯಹರಿದ್ವರ್ಣ ಕಾಡು, ತೇವದ ಎಲೆಯುದುರುವ ಕಾಡು, ನೆರಳಿನ ಮರಗಳಿರುವ ಕಾಫಿ ತೋಟ, ಇಂತಹ ಕಡೆ ಬದುಕುವ ಹಕ್ಕಿ. ಮಹಾರಾಷ್ಟ್ರದ ಘಟ್ಟಗಳಿಂದ ದಕ್ಷಿಣಕ್ಕೆ ಕೇರಳದವರೆಗೆ ಅದರ ನೆಲೆ. ಪೂರ್ವಕ್ಕೆ ನಮ್ಮ ತೊಗರಿ ಹೊಲಗಳನ್ನು ದಾಟಿ ಬರುವ ಹಕ್ಕಿ ಅದಲ್ಲ. ಬೂದು ಮಂಗಟ್ಟೆಗೆ ಅಂತಹ ಹಟವಿಲ್ಲ. ಒಣ ಕಾಡು, ಊರ ಅಂಚಿನ ಅರಳಿ, ದರ್ಗಾದ ಅಂಗಳದ ಬೇವು, ಕಾಲೇಜಿನ ಆವರಣದ ಬಸರಿ, ಯಾವುದಾದರೂ ಸರಿ, ಹಣ್ಣು ಮತ್ತು ಪೊಟರೆ ಇದ್ದರೆ ಸಾಕು.

ಆದರೂ ‘ನಮ್ಮಲ್ಲಿ ಇಲ್ಲ, ಆದ್ದರಿಂದ ಇದಲ್ಲ’ ಎಂಬ ವಾದವನ್ನು ನಾನು ಕೊನೆಗೇ ಇಡುತ್ತೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ದಾಂಡೇಲಿಯಲ್ಲಿ ಎದುರು ಬಿಸಿಲಿನಲ್ಲಿ ಕುಳಿತಿದ್ದ ಹಕ್ಕಿಯೊಂದನ್ನು, ಇದು ಘಟ್ಟ ತಾನೇ ಎಂಬ ಧೈರ್ಯದಲ್ಲಿ, ಮಲಬಾರ್ ಬೂದು ಮಂಗಟ್ಟೆಯೆಂದು ನೋಟ್‌ಪುಸ್ತಕದಲ್ಲಿ ಬರೆದುಬಿಟ್ಟೆ. ಅದು ಹಾರಿದಾಗ ಉದ್ದನೆಯ ಬಾಲವೂ, ರೆಕ್ಕೆಯ ಹಿಂಬದಿಯ ಅಂಚಿನ ಬಿಳಿಯೂ ಕಂಡವು. ಕಲಬುರಗಿಯಲ್ಲಿ ಮನೆಯ ಮುಂದಿನ ಅರಳಿ ಮರಕ್ಕೆ ಬರುವ ಹಕ್ಕಿಯನ್ನೇ ನೋಡಲು ಅಷ್ಟು ದೂರ ಹೋಗಿದ್ದೆನೆಂದು ಗೊತ್ತಾಯಿತು. ದಾಂಡೇಲಿಯ ಸುತ್ತ ಕರ್ನಾಟಕದ ನಾಲ್ಕೂ ಬಗೆಯ ಮಂಗಟ್ಟೆಗಳಿವೆ. 2011ರಲ್ಲಿ ಅಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವನ್ನು ಸರ್ಕಾರ ಘೋಷಿಸಿತು. ಉಳಿದ ಎರಡು, ಅಂದರೆ ದೊಡ್ಡ ಮಂಗಟ್ಟೆ ಮತ್ತು ಕಪ್ಪುಬಿಳುಪಿನ ಮಲಬಾರ್ ಮಂಗಟ್ಟೆ, ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಬೇರೆಯೇ ಆಗಿರುವುದರಿಂದ ಬೂದು ಹಕ್ಕಿಗಳೊಂದಿಗೆ ಅವುಗಳನ್ನು ಯಾರೂ ಬೆರೆಸುವುದಿಲ್ಲ.

ಪ್ರಶ್ನೆ: ಇಷ್ಟೊಂದು ಹೋಲಿಕೆ ಇರುವಾಗ ಇವೆರಡನ್ನು ಎರಡು ಪ್ರಭೇದಗಳೆಂದು ಕರೆಯುವುದೇಕೆ? ಒಂದೇ ಹಕ್ಕಿ ಒಣ ನಾಡಿನಲ್ಲಿ ಒಂದು ರೂಪ, ಮಳೆನಾಡಿನಲ್ಲಿ ಇನ್ನೊಂದು ರೂಪ ತಾಳಿರಬಾರದೇಕೆ?
— ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಒಣ ನಾಡು ಮತ್ತು ಮಳೆನಾಡು ಸೇರುವ ಕಡೆ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಒಂದೇ ಹಕ್ಕಿಯ ಎರಡು ರೂಪಗಳಾಗಿದ್ದರೆ ಘಟ್ಟದ ಪೂರ್ವದ ಅಂಚಿನಲ್ಲಿ, ದಾಂಡೇಲಿಯಂತಹ ಜಾಗಗಳಲ್ಲಿ, ಅರೆಕೊಂಬಿನ, ಅರೆಹುಬ್ಬಿನ ಮಧ್ಯಮ ಹಕ್ಕಿಗಳು ತುಂಬಿರಬೇಕಾಗಿತ್ತು. ಹಾಗಿಲ್ಲ. ಎರಡೂ ಒಂದೇ ನಾಡಿನಲ್ಲಿದ್ದರೂ ತಮ್ಮ ತಮ್ಮ ರೂಪವನ್ನೂ ಕೂಗನ್ನೂ ಬಿಟ್ಟುಕೊಡದೆ ಬದುಕುತ್ತಿವೆ.

ಹೆಸರಿಟ್ಟವರಿಗೂ ಈ ವ್ಯತ್ಯಾಸ ಬೇಗನೆ ಹೊಳೆದಿತ್ತು. ಬೂದು ಮಂಗಟ್ಟೆಯನ್ನು 1786ರಲ್ಲಿ ಸ್ಕೋಪೋಲಿ, ಮಲಬಾರಿನದನ್ನು 1790ರಲ್ಲಿ ಲೇಥಮ್ ವೈಜ್ಞಾನಿಕವಾಗಿ ಹೆಸರಿಸಿದರು. ಇಂದು ಮೊದಲನೆಯದು ಓಸಿಸೆರೋಸ್ ಬೈರಾಸ್ಟ್ರಿಸ್, ಎರಡನೆಯದು ಓಸಿಸೆರೋಸ್ ಗ್ರೈಸಿಯಸ್. ಬೈರಾಸ್ಟ್ರಿಸ್ ಎಂದರೆ ಎರಡು ಕೊಕ್ಕಿನದು: ಮುಂದಕ್ಕೆ ಚಾಚಿ ಚೂಪಾದ ಕೊಂಬು ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕುಳಿತಂತೆ ಕಂಡಿರಬೇಕು. ಗ್ರೈಸಿಯಸ್ ಎಂದರೆ ಬರೀ ಬೂದು. ಎರಡೂ ಬೂದು ಹಕ್ಕಿಗಳೇ ಆಗಿರುವುದರಿಂದ ಎರಡನೆಯ ಹೆಸರಿನಿಂದ ಗುರುತಿಸುವವನಿಗೆ ಯಾವ ಉಪಯೋಗವೂ ಇಲ್ಲವೆಂಬುದು ನನ್ನ ದೂರು.

ತಮ್ಮ ಅನುಮಾನ ಸಂಪೂರ್ಣ ಆಧಾರವಿಲ್ಲದ್ದೂ ಅಲ್ಲ. ಶ್ರೀಲಂಕಾದಲ್ಲಿಯೂ ಕೊಂಬಿಲ್ಲದ ಬೂದು ಮಂಗಟ್ಟೆಯೊಂದಿದೆ; ಅದನ್ನೂ ಮಲಬಾರಿನದನ್ನೂ ಬಹುಕಾಲ ಒಂದೇ ಎಂದು ಎಣಿಸಿ, ಆಮೇಲೆ ಬೇರ್ಪಡಿಸಿದರು. ಈಗ ಈ ಕುಲದಲ್ಲಿರುವುದು ಈ ಮೂರೇ ಪ್ರಭೇದಗಳು. ಒಂದಾಗಿದ್ದು ಬೇರೆಯಾದದ್ದು ಘಟ್ಟದ ಹಕ್ಕಿ ಮತ್ತು ಲಂಕೆಯ ಹಕ್ಕಿಯೇ ಹೊರತು, ನಮ್ಮ ಬಯಲಿನ ಹಕ್ಕಿಯಲ್ಲ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿರುವ ಹಳೆಯ ಮರದ ಪೊಟರೆಯನ್ನು ಯಾರೋ ಮಣ್ಣಿನಿಂದ ಮೆತ್ತಿ ಮುಚ್ಚಿದಂತಿದೆ. ಸಣ್ಣ ಸೀಳೊಂದು ಉಳಿದಿದ್ದು, ಬೂದು ಹಕ್ಕಿಯೊಂದು ದಿನವಿಡೀ ಅಲ್ಲಿಗೆ ಹಣ್ಣು ತಂದು ಒಳಗೆ ಕೊಡುತ್ತದೆ. ನೆರೆಯ ಮರಾಠಿ ಮಾತನಾಡುವವರು ಅದನ್ನು ಧನೇಶ ಎನ್ನುತ್ತಾರೆ. ಒಳಗೆ ಹಕ್ಕಿ ಸಿಕ್ಕಿಕೊಂಡಿದ್ದರೆ ಗೋಡೆ ಒಡೆದು ಬಿಡಿಸಬೇಕೇ? ಮಲೆನಾಡಿನ ಮಂಗಟ್ಟೆಯೂ ಹೀಗೆಯೇ ಮಾಡುತ್ತದೆಯೇ? ಗೂಡನ್ನು ನೋಡಿ ಯಾವ ಹಕ್ಕಿ ಎಂದು ಹೇಳಬಹುದೇ?
— ರೈತರೊಬ್ಬರು, ಬೀದರ್ ಜಿಲ್ಲೆ

ಉತ್ತರ: ದಯವಿಟ್ಟು ಒಡೆಯಬೇಡಿ. ಒಳಗಿರುವ ಹಕ್ಕಿ ಸಿಕ್ಕಿಕೊಂಡಿಲ್ಲ, ತಾನಾಗಿಯೇ ಬಾಗಿಲು ಹಾಕಿಕೊಂಡಿದೆ. ಮೊಟ್ಟೆಯಿಡುವ ಮುನ್ನ ಹೆಣ್ಣು ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ತಿರುಳು, ಮಣ್ಣು ಸೇರಿಸಿ ಬಾಯನ್ನು ಮುಚ್ಚಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಡುತ್ತದೆ. ಒಣಗಿದ ಮೇಲೆ ಆ ಗೋಡೆ ಗಟ್ಟಿಯಾಗುತ್ತದೆ. ತಾಯಿಗೂ ಮರಿಗಳಿಗೂ ಗಂಡು ಹೊತ್ತು ತಂದದ್ದೇ ಊಟ. ನುಂಗಿ ತಂದ ಹಣ್ಣುಗಳನ್ನು ಒಂದೊಂದಾಗಿ ಬಾಯಿಗೆ ತಂದುಕೊಂಡು ಸೀಳಿನೊಳಗೆ ದಾಟಿಸುತ್ತದೆ. ಗೋಡೆ ಒಡೆದರೆ ರೆಕ್ಕೆಯ ಗರಿ ಉದುರಿ ಹಾರಲಾರದ ತಾಯಿ ನೆಲಕ್ಕೆ ಬೀಳಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಗೂಡಿಗೆ ಕೈಹಾಕುವುದು ಅಪರಾಧ. ಗಂಡು ಬರುವ ಹೊತ್ತಿನಲ್ಲಿ ಮರದ ಬುಡದಲ್ಲಿ ಜನ ನೆರೆದರೆ ಅದು ಗೂಡಿನ ಹತ್ತಿರ ಬರಲು ಹಿಂಜರಿಯುತ್ತದೆ, ದೂರದಿಂದಲೇ ನೋಡಿ.

ಈ ಬಾಗಿಲು ಹಾಕುವ ಪದ್ಧತಿ ಮಲಬಾರ್ ಬೂದು ಮಂಗಟ್ಟೆಗೂ ಉಂಟು, ದೊಡ್ಡ ಮಂಗಟ್ಟೆಗೂ ಉಂಟು. ಆದ್ದರಿಂದ ಗೂಡಿನ ಗೋಡೆ ನೋಡಿ ಜಾತಿ ಹೇಳುವುದು ಆಗದ ಕೆಲಸ. ಹಣ್ಣು ಹೊತ್ತು ತರುವ ಗಂಡನ್ನು ನೋಡಿ ಹೇಳಬಹುದು, ಅದೂ ಸುಲಭವಾಗಿ, ಏಕೆಂದರೆ ಸಂಸಾರ ಹೂಡಿದ ಗಂಡು ಬೆಳೆದ ಹಕ್ಕಿಯೇ ಆಗಿರುತ್ತದೆ: ಕಪ್ಪು ಕೊಕ್ಕಿನ ಮೇಲೆ ಚೂಪು ಕೊಂಬಿದ್ದರೆ ನಮ್ಮದು, ಕೊಂಬಿಲ್ಲದ ಕಿತ್ತಳೆ ಕೊಕ್ಕಿದ್ದರೆ ಘಟ್ಟದ್ದು. ನಾನು ಮೇಲೆ ಕೊಂಬಿನ ಬಗ್ಗೆ ಹೇಳಿದ ಅನುಮಾನಗಳು ಗೂಡಿನ ಮುಂದೆ ನಿಂತ ಗಂಡಿಗೆ ಅನ್ವಯಿಸುವುದಿಲ್ಲ.

ಒಂದು ವಿಷಯ ತಮ್ಮ ಗಮನಕ್ಕೆ. ಮಂಗಟ್ಟೆಗೆ ಮರಕುಟಿಗನಂತೆ ಮರ ಕೊರೆಯಲು ಬರುವುದಿಲ್ಲ; ಕೊಂಬೆ ಮುರಿದು ಕೊಳೆತೋ, ಇನ್ನೊಂದು ಹಕ್ಕಿ ಕೊರೆದೋ ಆದ ಪೊಟರೆಯೇ ಅದಕ್ಕೆ ಬೇಕು. ತಮ್ಮ ಬದುವಿನ ಮರ ಹಳೆಯದಾಗಿ ಟೊಳ್ಳಾಗಿದೆಯೆಂಬ ಕಾರಣಕ್ಕೆ ಕಡಿಯಬೇಕೆಂದಿದ್ದರೆ, ಆ ಟೊಳ್ಳಿಗಾಗಿಯೇ ಹಕ್ಕಿ ಅಲ್ಲಿಗೆ ಬಂದಿದೆ ಎಂಬುದನ್ನು ನೆನಪಿಡಿ. ಮರದ ಬುಡದಲ್ಲಿ ಬಿದ್ದಿರುವ ಬೀಜಗಳನ್ನೂ ನೋಡಿ. ಅರಳಿ, ಬಸರಿ, ಬೇವುಗಳ ಜೊತೆಗೆ ಹಳದಿ ಕಣಗಿಲೆಯ ಬೀಜ ಸಿಕ್ಕರೆ ಆಶ್ಚರ್ಯಪಡಬೇಡಿ. ದನಕರುಗಳಿಗೂ ಮನುಷ್ಯರಿಗೂ ವಿಷವಾಗುವ ಆ ಹಣ್ಣನ್ನು ಬೂದು ಮಂಗಟ್ಟೆ ತಿನ್ನುವುದನ್ನು ಪಕ್ಷಿವೀಕ್ಷಕರು ದಾಖಲಿಸಿದ್ದಾರೆ.

ಪ್ರಶ್ನೆ: ಬಾವಿಯ ಪಕ್ಕದ ಹುಣಸೆ ಮರದೊಳಗಿನಿಂದ ಬೆಳಗಿನ ಜಾವ ಹದ್ದಿನ ಕಿರುಚಾಟ ಕೇಳುತ್ತದೆ. ಹತ್ತಿರ ಹೋದರೆ ಹದ್ದಿಲ್ಲ, ಉದ್ದ ಬಾಲದ ಬೂದು ಹಕ್ಕಿ ಹಾರಿಹೋಗುತ್ತದೆ. ನಮ್ಮ ಅಜ್ಜ ಮಾತ್ರ ಅದು ಹದ್ದೇ, ಕೋಳಿಮರಿಗೆ ಹೊಂಚು ಹಾಕಿದೆ ಎನ್ನುತ್ತಾರೆ. ಧ್ವನಿಯಿಂದ ಮಂಗಟ್ಟೆಯನ್ನು ಗುರುತಿಸಲಾಗುವುದೇ?
— ಓದುಗರೊಬ್ಬರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮ ಅಜ್ಜನವರ ಕಿವಿ ಚೆನ್ನಾಗಿದೆ. ಬೂದು ಮಂಗಟ್ಟೆಯ ಕೂಗು ಕರಿ ಹದ್ದಿನ ಕೀರಲು ಧ್ವನಿಗೆ ಎಷ್ಟು ಹತ್ತಿರವಿದೆಯೆಂದರೆ ಅನುಭವಸ್ಥರೂ ಒಮ್ಮೆ ಆಕಾಶದ ಕಡೆ ನೋಡಿ ಆಮೇಲೆ ಮರದ ಕಡೆ ತಿರುಗುತ್ತಾರೆ. ನಾನು ಅನುಸರಿಸುವ ಉಪಾಯ ಸರಳವಾದದ್ದು: ಕೂಗು ಎಲೆಗಳ ಒಳಗಿನಿಂದ ಬಂದರೆ ಮಂಗಟ್ಟೆ ಇರಬಹುದೆಂದು ಕಾಯುತ್ತೇನೆ, ಬಾನಿನಿಂದಲೋ ಬೋಳು ತುದಿಗೊಂಬೆಯಿಂದಲೋ ಬಂದರೆ ಹದ್ದೆಂದು ಮುಂದೆ ನಡೆಯುತ್ತೇನೆ. ಹಾರುವ ರೀತಿಯೂ ಬೇರೆ. ಹದ್ದು ರೆಕ್ಕೆ ಚಾಚಿ ಸುತ್ತು ಹೊಡೆಯುತ್ತದೆ. ಮಂಗಟ್ಟೆ ಕೆಲವು ಸಲ ರೆಕ್ಕೆ ಬಡಿದು, ಸ್ವಲ್ಪ ಜಾರಿ, ಮತ್ತೆ ಬಡಿದು, ಅಲೆಯಲೆಯಾಗಿ ಒಂದು ಮರದಿಂದ ಇನ್ನೊಂದು ಮರಕ್ಕೆ ನೇರವಾಗಿ ಹೋಗುತ್ತದೆ.

ಇಂದಿನ ಎಲ್ಲ ಪ್ರಶ್ನೆಗಳೂ ಸುತ್ತುತ್ತಿರುವ ಆ ಇನ್ನೊಂದು ಹಕ್ಕಿಯ ಧ್ವನಿ ಹದ್ದಿಗೆ ಸಂಬಂಧವೇ ಇಲ್ಲದ್ದು. ಮಲಬಾರ್ ಬೂದು ಮಂಗಟ್ಟೆ ನಗುತ್ತದೆ. ಒಡಕು ಗಂಟಲಿನ ಮನುಷ್ಯನೊಬ್ಬ ಗಹಗಹಿಸಿ, ಕೊನೆಗೆ ಕೆಮ್ಮಿ ನಿಲ್ಲಿಸಿದಂತೆ. ಘಟ್ಟದ ದಟ್ಟ ಕಾಡಿನಲ್ಲಿ ಹಕ್ಕಿ ಕಾಣುವುದಕ್ಕೆ ಬಹಳ ಮುಂಚೆಯೇ ಈ ನಗೆ ಕೇಳುತ್ತದೆ. ಹುಬ್ಬು, ಬಾಲ, ಕೊಕ್ಕು ಯಾವುದೂ ಕಾಣದ ಮಂಜಿನ ಬೆಳಗಿನಲ್ಲಿಯೂ, ಕಿರುಚಿದರೆ ಬಯಲಿನದು, ನಕ್ಕರೆ ಘಟ್ಟದ್ದು ಎಂದು ಧೈರ್ಯವಾಗಿ ಬರೆದುಕೊಳ್ಳಬಹುದು. ಚಿಂಚೋಳಿಯ ಓದುಗರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಫೋಟೊದ ಜೊತೆಗೆ ಮೊಬೈಲ್‌ನಲ್ಲಿ ಅರ್ಧ ನಿಮಿಷದ ಧ್ವನಿ ಹಿಡಿದಿದ್ದರೆ ಇಷ್ಟು ದೀರ್ಘ ಉತ್ತರದ ಅಗತ್ಯವೇ ಬೀಳುತ್ತಿರಲಿಲ್ಲ.

ಕೋಳಿಮರಿಯ ವಿಷಯಕ್ಕೆ ಬಂದರೆ, ಬೂದು ಮಂಗಟ್ಟೆ ಹಣ್ಣನ್ನೇ ಹೆಚ್ಚಾಗಿ ತಿಂದರೂ ಶುದ್ಧ ಸಸ್ಯಾಹಾರಿಯಲ್ಲ. ಮಿಡತೆ, ಓತಿಕ್ಯಾತ, ಸಣ್ಣ ಇಲಿ ಸಿಕ್ಕರೆ ಬಿಡುವುದಿಲ್ಲ. ಬೇರೆ ಹಕ್ಕಿಗಳ ಗೂಡಿನ ಮೊಟ್ಟೆ ಮರಿಗಳಿಗೂ ಕೊಕ್ಕು ಹಾಕುವುದುಂಟು. ಆದರೆ ಅದು ಮರದ ಮೇಲೆಯೇ ಬದುಕುವ ಹಕ್ಕಿ. ಬಿದ್ದ ಹಣ್ಣಿಗೋ, ಧೂಳು ಸ್ನಾನಕ್ಕೋ ಅಪರೂಪಕ್ಕೆ ನೆಲಕ್ಕೆ ಇಳಿಯುತ್ತದೆಯೇ ಹೊರತು ಹದ್ದಿನಂತೆ ಅಂಗಳಕ್ಕೆ ಎರಗುವುದಿಲ್ಲ. ಕಳೆದುಹೋದ ಕೋಳಿಮರಿಗಳನ್ನು ಅಜ್ಜನವರು ಹದ್ದಿನ ಲೆಕ್ಕಕ್ಕೇ ಬರೆದುಕೊಳ್ಳಲಿ, ಹುಣಸೆ ಮರದೊಳಗಿನ ಕೂಗನ್ನು ಮಾತ್ರ ಆ ಲೆಕ್ಕದಿಂದ ತೆಗೆಯಲಿ.